ಠಾಣೆಯಲ್ಲಿ ಕೂರದ ವಿಮಲಾಬಾಯಿ

ವಕೀಲೆ ವಿಮಲಾಬಾಯಿ ಪೊಲೀಸ್ ಠಾಣೆಯಲ್ಲಿ ಕುರ್ಚಿಯ ಮೇಲೆ ಕುಳಿತದ್ದನ್ನು ನಾನು ಒಮ್ಮೆಯೂ ನೋಡಲಿಲ್ಲ. ಮೊಣಕಾಲು ನೋವಿನ ಹೆಂಗಸು. ಚಿಕ್ಕೋಡಿ ಕೋರ್ಟಿನ ಮೆಟ್ಟಿಲು ಹತ್ತಿದರೆ ಮೊದಲು ಸಿಕ್ಕ ಬೆಂಚಿನ ಮೇಲೆ ಕುಸಿದು ಕಾಲು ತಿಕ್ಕಿಕೊಳ್ಳುತ್ತಿದ್ದರು. ಠಾಣೆಯಲ್ಲಿ ಮಾತ್ರ ಎಷ್ಟು ಹೊತ್ತಾದರೂ ನಿಂತೇ ಇರುತ್ತಿದ್ದರು. ಯಾರಾದರೂ ಕುರ್ಚಿ ಎಳೆದರೆ, "ನಮ್ಮ ಕಕ್ಷಿದಾರ ಒಳಗ ನೆಲದ ಮ್ಯಾಲ ಕುಂತಾನ್ರಿ. ನಾ ಇಲ್ಲೆ ಕುರ್ಚಿ ಮ್ಯಾಲ ಕುಂತು ಚಹಾ ಕುಡೀಲೇನು?" ಎನ್ನುತ್ತಿದ್ದರು.

ಊರು ಏಕಸಂಬಿ. ಅವರು ಚಿಕ್ಕವರಿದ್ದಾಗ ಪೊಲೀಸರು ಅಣ್ಣನನ್ನು ಕರೆದೊಯ್ದಿದ್ದರಂತೆ. ಕೂಲಿ ಮಾಡುವ ತಂದೆ ಠಾಣೆಯ ಗೇಟಿನ ಹೊರಗೆ ಚಪ್ಪಲಿ ಕೈಯಲ್ಲಿ ಹಿಡಿದು ನಿಂತಿದ್ದರಂತೆ. ಅದನ್ನು ಒಂದೇ ಸಲ ಹೇಳಿದರು, ಮತ್ತೆ ಎತ್ತಲಿಲ್ಲ.

ರಜೆಯ ದಿನ ಹಳ್ಳಿಗಳಿಗೆ ಹೋಗಿ ಹೆಂಗಸರನ್ನು ಕೂಡಿಸಿ ಕಾನೂನು ಹೇಳುತ್ತಿದ್ದರು. ಹಿಡಿಯಲು ಬಂದ ಪೊಲೀಸರಿಗೆ ಕಾರಣ ಕೇಳಿ, ಎಲ್ಲಿಗೆ ಒಯ್ಯುತ್ತೀರಿ ಎಂದು ಕೇಳಿ, ಅವರ ಹೆಸರು ಕೇಳಿ ಎನ್ನುತ್ತಿದ್ದರು. ದಿಗ್ಗೇವಾಡಿಯಲ್ಲಿ ಒಬ್ಬ ಮುದುಕಿ ಸೆರಗು ಬಾಯಿಗೆ ಒತ್ತಿ ನಕ್ಕಳು:

"ಗಂಡನ ಹೆಸರ ಹೇಳಾಕ ನಾಚತೀವಿ, ಪೊಲೀಸಂದ ಕೇಳ್ತೀವೇನ ಬೇ?"

"ಗಂಡಂದು ಬಿಡ ಆಯಿ. ಪೊಲೀಸಂದು ಅವನ ಎದಿ ಮ್ಯಾಲ ಬರದಿರತೈತಿ. ಇರಲಿಲ್ಲಂದ್ರ ಕೇಳಾಕ ಬೇಕ!"

ನಾನು ಆಗ ಪತ್ರಿಕೆಯೊಂದಕ್ಕೆ ಕೋರ್ಟು ಸುದ್ದಿ ಬರೆಯುತ್ತಿದ್ದೆ. ಒಂದು ಮಧ್ಯಾಹ್ನ ಬೋರಗಾಂವದ ರೇಖಾ ಎಂಬಾಕೆ ಅಳುತ್ತ ಕೋರ್ಟಿಗೆ ಬಂದಳು. ಅವಳ ಗಂಡ ಸಿದ್ರಾಮ ವಿದ್ಯುತ್ ಮಗ್ಗದ ಕೆಲಸಗಾರ. ನೂಲು ಕದ್ದಿದ್ದಾನೆಂಬ ಮಾಲೀಕನ ಬಾಯಿಮಾತಿನ ಮೇಲೆ, ಹಿಂದಿನ ದಿನ ಬೆಳಿಗ್ಗೆ ಪೊಲೀಸರು ಅವನನ್ನು ಮಗ್ಗದಿಂದಲೇ ಎಳೆದೊಯ್ದಿದ್ದರು. ಬಂಧಿಸಿದವರನ್ನು ಇಪ್ಪತ್ತನಾಲ್ಕು ಗಂಟೆಯೊಳಗೆ ನ್ಯಾಯಾಧೀಶರ ಮುಂದೆ ನಿಲ್ಲಿಸಬೇಕು. ಆ ಗಡುವು ಮುಗಿದಿತ್ತು. ವಿಮಲಾಬಾಯಿ ಎದ್ದು ನಡೆದರು. ನಾನೂ ಹಿಂದೆ ಹೋದೆ.

ಠಾಣೆಯ ಸಾಹೇಬರು ನಗುತ್ತ ಕುರ್ಚಿ ತೋರಿಸಿದರು. "ಬರ್ರಿ ಮೇಡಂ, ಕೂಡ್ರಿ. ಅರೆಸ್ಟ್ ಮಾಡಿಲ್ರಿ ಅವನ್ನ, ಸುಮ್ನ ವಿಚಾರಣೆಗೆ ಕರಸೀವಿ."

"ಅರೆಸ್ಟ್ ಅಲ್ಲಾ?"

"ಅಲ್ರಿ, ಅಲ್ರಿ."

ವಿಮಲಾಬಾಯಿ ಒಳಗಿನ ಕೋಣೆಯ ಬಾಗಿಲಿಗೆ ಹೋಗಿ ಎಲ್ಲರಿಗೂ ಕೇಳುವಂತೆ ಕೂಗಿದರು: "ಸಿದ್ರಾಮ, ಅರೆಸ್ಟ್ ಅಲ್ಲಂತ. ಏಳಪಾ, ಮನಿಗೆ ಹೋಗೂಣು."

ಸಿದ್ರಾಮ ಏಳಲಿಲ್ಲ. ಗೋಡೆಗೆ ಒರಗಿದ್ದವನು ಅವರನ್ನು ನೋಡಲೂ ಇಲ್ಲ. ಸಾಹೇಬರ ಮುಖ ನೋಡುತ್ತಿದ್ದ. ಸಾಹೇಬರ ನಗೆ ಮಾತ್ರ ನಿಂತಿತ್ತು. ಕೊನೆಗೆ ವಿಮಲಾಬಾಯಿಯೇ ಆ ನೋವಿನ ಕಾಲು ಮಡಚಿ ಬಗ್ಗಿ, ರಟ್ಟೆ ಹಿಡಿದು ಅವನನ್ನು ಎಬ್ಬಿಸಿದರು. ಅಂಗಾಲು ನೆಲಕ್ಕೆ ಊರಲಾಗದೆ ಪಾದದ ಅಂಚಿನ ಮೇಲೆ ನಡೆದ. ಯಾಕೆಂದು ಕೇಳುವ ಅಗತ್ಯ ಅಲ್ಲಿ ಯಾರಿಗೂ ಇರಲಿಲ್ಲ.

"ಮತ್ತ ಕರದಾಗ ಬರಬೇಕ ನೋಡ್ರಿ," ಎಂದರು ಸಾಹೇಬರು.

"ನೋಟಿಸು ಕೊಟ್ಟು ಕರೀರಿ. ನಾನ ಕರಕೊಂಡ ಬರ್ತೀನಿ."

ನೂಲು ಆಮೇಲೆ ಮಾಲೀಕನ ಇನ್ನೊಂದು ಗೋದಾಮಿನಲ್ಲಿ ಸಿಕ್ಕಿತು. ಯಾರೂ ಕ್ಷಮೆ ಕೇಳಲಿಲ್ಲ. ವಿಮಲಾಬಾಯಿ ಠಾಣೆಯಲ್ಲಿನ ಹೊಡೆತದ ಬಗ್ಗೆ ಮೇಲಧಿಕಾರಿಗಳಿಗೆ ದೂರು ಕೊಟ್ಟರು. ಸಾಕ್ಷ್ಯವಿಲ್ಲವೆಂದು ಅದು ಮುಗಿಯಿತು. ಸಾಕ್ಷಿ ಹೇಳಬೇಕಾದ ಸಿದ್ರಾಮ ಜೀಪಿನ ಸದ್ದು ಕೇಳಿದರೆ ಮಗ್ಗ ನಿಲ್ಲಿಸಿ ಅದರ ಹಿಂದೆ ಅಡಗುತ್ತಿದ್ದ. "ಅವಂಗ ಬೈಬ್ಯಾಡ್ರಿ," ಎಂದರು ವಿಮಲಾಬಾಯಿ ನನಗೆ. "ಅಂಜಸಿದಾವ್ರಿಗೆ ಕೇಳ್ರಿ." ಸಾಹೇಬರನ್ನು ಕೇಳಿದೆ. ಅವರು ಜೀಪು ಹತ್ತಿ ಹೋದರು.

ಕಳೆದ ಮಳೆಗಾಲದಲ್ಲಿ ವಿಮಲಾಬಾಯಿ ತೀರಿಕೊಂಡರು. ಚಿಕ್ಕೋಡಿಯಲ್ಲಿ ಸಂತಾಪ ಸಭೆ ನಡೆಯಿತು. ಬಡ್ತಿ ಪಡೆದಿದ್ದ ಅದೇ ಸಾಹೇಬರು ವೇದಿಕೆಯ ಮೇಲಿದ್ದರು. ಮೈಕು ಹಿಡಿದು ಹೇಳಿದರು: "ಮೇಡಂ ಅವ್ರು ಭಾಳ ಸಹಕಾರ ಕೊಡತಿದ್ರು. ಠಾಣೆಗೆ ಬಂದಾಗೊಮ್ಮೆ ಕೂಡಿಸಿ, ಚಹಾ ಕುಡಿಸಿ ಕಳಸತಿದ್ವಿ."

ಸಭೆ ತಲೆಯಾಡಿಸಿತು. ಹಿಂದಿನ ಸಾಲಿನಲ್ಲಿ ಒಂದು ಕುರ್ಚಿ ಸರಿದ ಸದ್ದಾಯಿತು. ಸಿದ್ರಾಮ ಎದ್ದು ನಿಂತಿದ್ದ. ಮುಂದಿನ ಕುರ್ಚಿಯ ಬೆನ್ನನ್ನು ಗಟ್ಟಿಯಾಗಿ ಹಿಡಿದಿದ್ದ.

"ಸಾಹೇಬ್ರ," ಎಂದ, "ಅವ್ರು ಕುಂತಿರಲಿಲ್ರಿ."