ಮಂಗಳವಾರದ ಅಕ್ಕನ ತಯಾರಿ

ಹೋದ ವಾರ ಶಿವಮೊಗ್ಗದ ನನ್ನ ಪಾರ್ಲರಿಗೆ ಬಂದ ಹೆಂಗಸೊಬ್ಬರು ಕುರ್ಚಿಯಲ್ಲಿ ಕೂರುವ ಮೊದಲೇ, "ವಾಸನೆ ಇಲ್ದೇ ಇರೋ ಕ್ರೀಮ್ ಇದ್ಯಾ?" ಎಂದು ಕೇಳಿದರು. ಅವರಿಗೆ ಅಲರ್ಜಿಯಂತೆ. ಕಪಾಟಿನ ಮೂಲೆಯಿಂದ ಒಂದು ಬಿಳಿ ಡಬ್ಬಿ ತೆಗೆದು, ಮುಚ್ಚಳ ತಿರುಗಿಸಿ, ಅಭ್ಯಾಸಬಲದಿಂದ ಮೂಗಿನ ಹತ್ತಿರ ಹಿಡಿದೆ. ಗುಲಾಬಿಯಿಲ್ಲ, ಗಂಧವಿಲ್ಲ, ನಿಂಬೆಯಿಲ್ಲ. ಮೂಗಿಗೆ ಏನೂ ಸಿಗಲಿಲ್ಲ. ಆ ಏನೂ ಇಲ್ಲದ ವಾಸನೆಗೇ ಥಟ್ಟನೆ ಭದ್ರಾವತಿಯ ಜನ್ನಾಪುರದ ನಮ್ಮ ಬಾಡಿಗೆ ಮನೆ ನೆನಪಾಯಿತು. ಅದರ ಮುಂದಿನ ಕೋಣೆಯಲ್ಲಿ ಒಂದೇ ಕುರ್ಚಿ ಹಾಕಿಕೊಂಡು ನಾನು ನಡೆಸುತ್ತಿದ್ದ ಪಾರ್ಲರ್, ಆ ಕುರ್ಚಿಯಲ್ಲಿ ಕೂರುತ್ತಿದ್ದ ಮಂಗಳವಾರದ ಅಕ್ಕ...

ಆಗ ನಾನು ಮದುವೆಯಾಗಿ ಭದ್ರಾವತಿಗೆ ಬಂದ ಹೊಸತು. ಗಂಡ ಕಾರ್ಖಾನೆಯ ಶಿಫ್ಟಿಗೆ ಹೋಗುತ್ತಿದ್ದರು. ನಾನು ಆರು ತಿಂಗಳ ಬ್ಯೂಟಿಷಿಯನ್ ಕೋರ್ಸ್ ಮುಗಿಸಿ, ಜನ್ನಾಪುರದ ಹುಬ್ಬುಗಳೆಲ್ಲ ನನ್ನ ಕೈಗೇ ಕಾಯುತ್ತಿವೆ ಎಂದುಕೊಂಡಿದ್ದೆ. ಅವೇನೂ ಕಾಯುತ್ತಿರಲಿಲ್ಲ. ಅದರಲ್ಲೂ ಮಂಗಳವಾರ ನಮ್ಮ ಕಡೆ ಹೆಂಗಸರು ಕೂದಲಿಗೆ ಕತ್ತರಿ ತಾಗಿಸುವುದಿಲ್ಲ, ಹುಬ್ಬಿಗೆ ದಾರ ಹಾಕಿಸುವುದಿಲ್ಲ. ನಾನು ನೊಣ ಹೊಡೆಯುತ್ತಾ ಕೂತಿದ್ದ ಅಂಥ ಒಂದು ಮಂಗಳವಾರ ಬೆಳಿಗ್ಗೆ ಅವರು ಬಂದರು. ಮೂವತ್ತೈದರ ಆಸುಪಾಸು, ಕಾಟನ್ ಸೀರೆ, ಕೈಯಲ್ಲಿ ಟಿಫನ್ ಬ್ಯಾಗು. "ಯಾರೂ ಇಲ್ದಿರೋ ದಿನ ನೋಡ್ಕೊಂಡೇ ಬಂದಿದೀನಿ. ವಾರ ವಾರ ಬಂದ್ರೆ ಆಗುತ್ತಾ?" ಎಂದರು. ಆಗದೆ ಏನು! ನನಗೆ ಕುಣಿದಾಡುವುದೊಂದು ಬಾಕಿ.

ಮೂರನೆಯ ವಾರ ಅವರ ಎಡ ಹುಬ್ಬು ಮುಗಿಸಿ ಬಲಕ್ಕೆ ಬಂದಿದ್ದೆ. ಕಣ್ಣು ಮುಚ್ಚಿಕೊಂಡೇ ಅವರು ಹೇಳಿದರು: "ಬೀದಿಯವ್ರಿಗೆಲ್ಲ ಶಂಕರಘಟ್ಟದ ಯೂನಿವರ್ಸಿಟೀಲಿ ಟೈಪಿಂಗ್ ಕೆಲ್ಸ ಅಂತ ಹೇಳಿದೀನಿ. ನಿಂಗೆ ಸುಳ್ಳು ಹೇಳಲ್ಲ. ನಾನು ಶಿವಮೊಗ್ಗದ ಹೋಟೆಲ್‌ಗಳಿಗೆ ಹೋಗ್ತೀನಿ, ಗಂಡಸ್ರ ಜೊತೆ ಇರೋಕೆ. ಗಂಟೆಗಿಷ್ಟು ಅಂತ. ಬೇಡ ಅನ್ಸಿದ್ರೆ ಹೇಳ್ಬಿಡು, ಮುಂದಿನ ವಾರದಿಂದ ಬರಲ್ಲ."

ದಾರದ ತುದಿ ನನ್ನ ಹಲ್ಲುಗಳ ನಡುವೆ ಇತ್ತು, ಬಾಯಿ ಬಿಡುವ ಹಾಗಿರಲಿಲ್ಲ. ಒಳ್ಳೆಯದೇ ಆಯಿತು. ಬಿಟ್ಟಿದ್ದರೆ ಪೆದ್ದುಪೆದ್ದಾಗಿ ಏನಾದರೂ ಅಂದುಬಿಡುತ್ತಿದ್ದೆ. ದಾರ ತೆಗೆದು, "ಇನ್ನೊಂದು ಹುಬ್ಬು ಬಾಕಿ ಇದೆ ಅಕ್ಕ, ಅಲ್ಲಾಡ್ಬೇಡಿ" ಎಂದೆ. ಅವರು ಕಣ್ಣು ತೆರೆದು ನನ್ನನ್ನು ನೋಡಿ ಜೋರಾಗಿ ನಕ್ಕರು. ಆವತ್ತಿನಿಂದ ನಾವು ದೋಸ್ತಿಗಳು.

ಹೋಟೆಲಿನಲ್ಲಿ ಕಳೆಯುವ ಎರಡು ಗಂಟೆಗಳಲ್ಲಿ ಏನಾಗುತ್ತಿತ್ತೋ ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಆದರೆ ಅದರ ಹಿಂದಿನ ಎರಡು ದಿನ ನನಗೆ ಬಾಯಿಪಾಠವಾಯಿತು. ಗುರುವಾರ ಮಧ್ಯಾಹ್ನ ಕೆಲಸವೆಂದರೆ ಮಂಗಳವಾರವೇ ವ್ಯಾಕ್ಸಿಂಗ್ ಆಗಬೇಕು, ಕೆಂಪು ಇಳಿಯಲು ಒಂದು ದಿನ ಬೇಕಲ್ಲ. ಆವತ್ತಿನಿಂದ ಈರುಳ್ಳಿ, ಬೆಳ್ಳುಳ್ಳಿ ಬಂದ್. ಬರುವವನ ಹತ್ತಿರ ಮೊದಲೇ ಫೋನಿನಲ್ಲಿ ಹತ್ತು ನಿಮಿಷ ಸುಮ್ಮನೆ ಅದೂ ಇದೂ ಮಾತಾಡಬೇಕು. ದನಿಯಲ್ಲೇ ಅರ್ಧ ಮನುಷ್ಯ ಗೊತ್ತಾಗುತ್ತಾನೆ ಎನ್ನುತ್ತಿದ್ದರು. ಎಷ್ಟೋ ಜನಕ್ಕೆ ಅಲ್ಲೇ ಬೇಡ ಅಂದುಬಿಡುತ್ತಿದ್ದರು, ಆ ಹೊತ್ತೆಲ್ಲ ದಂಡ. ಬುಧವಾರ ಶಿವಮೊಗ್ಗಕ್ಕೆ ಹೋಗಿ ಹೋಟೆಲು ನೋಡಿ ಬರಬೇಕು: ಮೆಟ್ಟಿಲು ಯಾವ ಕಡೆ, ಹಿಂದಿನ ಬಾಗಿಲು ಎಲ್ಲಿ, ಆಟೋ ಎಲ್ಲಿ ನಿಲ್ಲುತ್ತದೆ. ಗುರುವಾರ ಬೀದಿಯವರ ಕಣ್ಣಿಗೆ ಕಾಣುವಂತೆ ಶಂಕರಘಟ್ಟದ ಬಸ್ ಹತ್ತಿ, ಎರಡು ಸ್ಟಾಪ್ ದಾಟಿ ಇಳಿದು, ವಾಪಸು ಬಂದು ಶಿವಮೊಗ್ಗದ ಬಸ್ ಹಿಡಿಯಬೇಕು! ಯಾರದೋ ಮಗಳ ರಿಸಲ್ಟ್ ವಿಚಾರಿಸಿಕೊಂಡು ಬನ್ನಿ ಎಂದು ಪಕ್ಕದ ಮನೆಯವರು ಹೇಳಿದರೆ, ಪಾಪ, ನಿಜವಾಗಿ ಶಂಕರಘಟ್ಟಕ್ಕೇ ಹೋಗಿ ವಿಚಾರಿಸಿಕೊಂಡು ಬರುತ್ತಿದ್ದರು.

ಟಿಫನ್ ಬ್ಯಾಗಿನಲ್ಲಿ ಊಟ ಇರುತ್ತಿರಲಿಲ್ಲ, ಇಸ್ತ್ರಿ ಮಾಡಿ ಮಡಿಸಿದ ಇನ್ನೊಂದು ಸೀರೆ ಇರುತ್ತಿತ್ತು. ಜೊತೆಗೆ ಇಂಥದೇ ವಾಸನೆಯಿಲ್ಲದ ಕ್ರೀಮಿನ ಬಿಳಿ ಡಬ್ಬಿ. ಮೈಗೆ ಸೋಪಿನದೂ ಪೌಡರಿನದೂ ವಾಸನೆ ಇರಕೂಡದು. "ನನ್ನ ವಾಸನೆ ಅವ್ರ ಅಂಗಿಗೆ ಹತ್ಕೊಂಡು ಮನೆವರ್ಗೂ ಹೋಗ್ಬಾರ್ದಲ್ಲ ಮಾರಾಯ್ತಿ." ನಾನು ಅಲ್ಲಿಯವರೆಗೆ ಘಮ್ ಎನ್ನುವಂತೆ ಮಾಡುವುದೇ ಪಾರ್ಲರ್ ವಿದ್ಯೆ ಎಂದು ತಿಳಿದಿದ್ದವಳು. ಪೇಪರನ್ನಂತೂ ಪರೀಕ್ಷೆಗೆ ಓದುವ ಹಾಗೆ ಓದುತ್ತಿದ್ದರು. ಬರುವವರು ಮಂಡಿಯವರಾದರೆ ಅಡಿಕೆ ರೇಟು ಗೊತ್ತಿರಬೇಕು, ಹುಡುಗರಾದರೆ ಕ್ರಿಕೆಟ್. ಹೊರಗಿನವರು ಕೇಳುತ್ತಾರೆಂದು ಒಂದು ಭಾನುವಾರ ಸಕ್ರೆಬೈಲಿಗೇ ಹೋಗಿ, ಆನೆಗಳಿಗೆ ಸ್ನಾನ ಮಾಡಿಸುವುದನ್ನು ನೋಡಿ, ಮಾವುತರ ಹತ್ತಿರ ನಾಲ್ಕು ಮಾತು ಕೇಳಿಕೊಂಡು ಬಂದಿದ್ದರು. "ಸುಮಾರು ಜನಕ್ಕೆ ಬೇಕಾಗಿರೋದು ಮಾತೇ. ದುಡ್ಡು ಕೊಡೋದು ಎರಡು ಗಂಟೆಗೆ. ಈ ಎರಡು ದಿನ ಇದ್ಯಲ್ಲ, ಇದು ಯಾರ ಕಣ್ಣಿಗೂ ಕಾಣಲ್ಲ" ಎನ್ನುತ್ತಿದ್ದರು. ದೂರಿದ ಹಾಗಿರುತ್ತಿರಲಿಲ್ಲ, ತನ್ನ ಕಸುಬಿನ ಮರ್ಮ ಹೇಳಿಕೊಟ್ಟ ಹಾಗಿರುತ್ತಿತ್ತು.

ನಿಜ ಹೇಳುತ್ತೇನೆ, ನನಗೆ ಮೈ ಜುಂ ಎನ್ನುತ್ತಿತ್ತು! ಮಂಗಳವಾರ ಬಂದರೆ ಸಾಕು, ಬೆಳಿಗ್ಗೆಯೇ ಕಸ ಗುಡಿಸಿ, ಕನ್ನಡಿ ಒರೆಸಿ, ಬಾಗಿಲಲ್ಲಿ ಹಣಕಿ ಹಣಕಿ ನೋಡುತ್ತಿದ್ದೆ. ತಪ್ಪು ಸರಿ ಎಂದೆಲ್ಲ ಯೋಚಿಸುವ ಪುರಸೊತ್ತೇ ನನಗಿರಲಿಲ್ಲ. ಒಬ್ಬಳು ಹೆಂಗಸು ಇಷ್ಟು ಅಚ್ಚುಕಟ್ಟಾಗಿ ಕೆಲಸ ಮಾಡುವುದನ್ನು ನಾನು ಮೊದಲ ಸಲ ನೋಡುತ್ತಿದ್ದೆ.

ಆ ತಯಾರಿಯಲ್ಲಿ ನನಗೂ ಒಂದು ಕೆಲಸ ಸಿಕ್ಕಿತು. ನನ್ನ ಅಪಾಯಿಂಟ್‌ಮೆಂಟ್ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಅಕ್ಕ ಹೋಟೆಲು, ರೂಮ್ ನಂಬರು, ಹೋಗುವ ಹೊತ್ತು, ಮುಗಿಯುವ ಹೊತ್ತು ಬರೆಸುತ್ತಿದ್ದರು. ಕೆಳಗೆ ಕಾಯುವ ಆಟೋದವರ ನಂಬರೂ ಅಲ್ಲೇ. ಮುಗಿಯುವ ಹೊತ್ತಿಗೆ ಸರಿಯಾಗಿ ನಾನು ಫೋನ್ ಮಾಡಿ, "ಮೇಡಂ, ನಿಮ್ಮ ಫೇಶಿಯಲ್‌ಗೆ ಟೈಮ್ ಆಯ್ತು" ಎನ್ನಬೇಕು. "ಹೊರಟೆ" ಎಂದರೆ ಎಲ್ಲ ಸರಿ. "ಇವತ್ತು ಆಗಲ್ಲ" ಎಂದರೆ ನಾನು ಆಟೋದವರಿಗೆ ರೂಮ್ ನಂಬರು ಹೇಳಬೇಕು, ಅವರು ಮೇಲೆ ಹತ್ತಿ ಬಾಗಿಲು ಬಡಿಯುತ್ತಾರೆ. ಫೋನ್ ಬಂದರೆ ಎದ್ದು ಹೊರಡಲು ಒಂದು ನೆಪವಾಗುತ್ತಿತ್ತು. ಕೆಲವರಿಗೆ ಗಂಟೆ ಮುಗಿದದ್ದು ಗೊತ್ತಾಗುತ್ತಿರಲಿಲ್ಲ, ಗೊತ್ತಾದರೂ ಬಾಗಿಲಿಗೆ ಅಡ್ಡ ನಿಲ್ಲುತ್ತಿದ್ದರಂತೆ. ಅಕ್ಕ ಎಲ್ಲಿದ್ದಾರೆ ಎನ್ನುವುದು ಬೇರೆ ಯಾರಿಗೂ ತಿಳಿದಿರಲಿಲ್ಲ. ಆಟೋದವರಿಗೂ ಮೊದಲೇ ರೂಮ್ ನಂಬರು ಹೇಳುತ್ತಿರಲಿಲ್ಲ. ಏಳೆಂಟು ತಿಂಗಳು ಒಂದು ಸಲವೂ ನನ್ನ ಫೋನು ಒಂದು ನಿಮಿಷ ತಡವಾಗಲಿಲ್ಲ.

ಅಷ್ಟರಲ್ಲಿ ನನಗೆ ಮೊದಲನೆಯ ಮದುಮಗಳು ಸಿಕ್ಕಿದಳು! ಶಿವಮೊಗ್ಗದ ವಿನೋಬನಗರದ ಕಲ್ಯಾಣಮಂಟಪದಲ್ಲಿ ಬೆಳಿಗ್ಗೆ ಮುಹೂರ್ತ, ಅದೇ ಸಂಜೆ ರಿಸೆಪ್ಷನ್. ಎರಡೂ ಅಲಂಕಾರ ನನ್ನದೇ. ಇದೊಂದು ಚೆನ್ನಾಗಿ ಆಯಿತೆಂದರೆ ಶಿವಮೊಗ್ಗದಲ್ಲೇ ಪಾರ್ಲರ್ ಹಾಕಬಹುದು, ಕೆಟ್ಟರೆ ಜನ್ನಾಪುರದ ಮಂಗಳವಾರಗಳೇ ಗತಿ. ನನಗೆ ಖುಷಿಗೆ ನಿದ್ದೆ ಬರಲಿಲ್ಲ, ಹೆದರಿಕೆಗೂ ಬರಲಿಲ್ಲ.

ಅಕ್ಕ ನನಗಿಂತ ಹುರುಪಾದರು. ಮೂರು ವಾರ ನನ್ನನ್ನು ತಯಾರು ಮಾಡಿದರು. ತಮ್ಮ ಮುಖವನ್ನೇ ಕೊಟ್ಟು ಮತ್ತೆ ಮತ್ತೆ ಮೇಕಪ್ ಹಾಕಿಸಿಕೊಂಡು, "ಗಲ್ಲಕ್ಕೆ ಕೆಂಪು ಜಾಸ್ತಿ ಆಯ್ತು, ಮದುಮಗಳಿಗೆ ಜ್ವರ ಅಂದ್ಕೋತಾರೆ" ಎಂದು ಬೈದು ತೊಳೆಸಿದರು. ಹಿಂದಿನ ದಿನವೇ ನನ್ನನ್ನು ಮಂಟಪಕ್ಕೆ ಕರೆದುಕೊಂಡು ಹೋಗಿ ಪ್ಲಗ್ ಎಲ್ಲಿದೆ, ಬೆಳಿಗ್ಗೆ ಬೆಳಕು ಯಾವ ಕಿಟಕಿಯಿಂದ ಬರುತ್ತದೆ ಎಂದು ತೋರಿಸಿದರು. ಲಿಪ್‌ಸ್ಟಿಕ್ಕಿಗೆ ಮೊದಲು ಮದುಮಗಳಿಗೆ ಎರಡು ಇಡ್ಲಿ ತಿನ್ನಿಸು, ಪಿನ್ನುಗಳನ್ನು ಸೈಜು ಪ್ರಕಾರ ಜೋಡಿಸು, ಎಕ್ಸ್‌ಟೆನ್ಷನ್ ಬಾಕ್ಸ್ ನಿನ್ನದೇ ಒಯ್ಯಿ. "ಜನ ನೋಡೋದು ಒಂದು ಗಂಟೆ. ಅದಕ್ಕೆ ಮುಂಚೆ ಮಾಡಿರೋದೇ ನಿನ್ನನ್ನ ಕಾಯೋದು" ಎಂದರು. ನಾನೂ ಸಡಗರದಲ್ಲಿ ಒಂದು ಹೊಸ ನೋಟ್‌ಬುಕ್ ಕೊಂಡೆ. ಹೊಳೆಯುವ ರಟ್ಟು, ಮೊದಲ ಪುಟದಲ್ಲಿ ಕುಂಕುಮ.

ಮದುವೆಯ ದಿನವೇ ಅಕ್ಕನಿಗೂ ಕೆಲಸವಿತ್ತು, ಎರಡರಿಂದ ನಾಲ್ಕು. "ನಿನ್ನ ದಿನ ಅದು. ನಂದು ಬೇರೆ ದಿನಕ್ಕೆ ಹಾಕ್ಲಾ?" ಎಂದು ಕೇಳಿದರು. "ಅಯ್ಯೋ ಅಕ್ಕ, ಒಂದು ಫೋನ್ ಮಾಡಕ್ಕೆ ಎಷ್ಟು ಹೊತ್ತು? ನಾನಿದೀನಲ್ಲ!" ಎಂದೆ. ನಾನಿದೀನಲ್ಲ... ಆ ಮಾತನ್ನು ಎಷ್ಟು ಧಿಮಾಕಿನಿಂದ ಹೇಳಿದ್ದೆ ಎಂದು ಈಗಲೂ ಕಿವಿ ಬಿಸಿಯಾಗುತ್ತದೆ.

ಮುಹೂರ್ತ ಹೂವೆತ್ತಿದ ಹಾಗೆ ನಡೆಯಿತು. ಮದುಮಗಳನ್ನು ನೋಡಿ ಬೀಗಿತ್ತಿಯರೇ ಬಾಯಿ ಮೇಲೆ ಕೈ ಇಟ್ಟುಕೊಂಡರು. ಫೋಟೋದವರು ಬಂದು ಯಾರು ಮಾಡಿದ್ದು ಎಂದು ಕೇಳಿದರು! ಊಟವಾದ ಮೇಲೆ ಅತ್ತೆಯಂದಿರು, ಚಿಕ್ಕಮ್ಮಂದಿರು ಸಾಲುಗಟ್ಟಿ ಕೂತರು, ನಮಗೂ ಒಂದು ಜಡೆ, ನಮಗೂ ಒಂದು ತುರುಬು. ಇಬ್ಬರು ಅಲ್ಲೇ ತಮ್ಮ ಮನೆ ಮದುವೆಗೂ ಬುಕ್ ಮಾಡಿದರು. ಹೊಸ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಫೋನು ಎಕ್ಸ್‌ಟೆನ್ಷನ್ ಬಾಕ್ಸಿನಲ್ಲಿ ಚಾರ್ಜಿಗೆ ಕೂತಿತ್ತು. ನಾನು ನಗುತ್ತಿದ್ದೆ, ಎಲ್ಲರೂ ನನ್ನ ಹೆಸರು ಹಿಡಿದು ಕರೆಯುತ್ತಿದ್ದರು.

ಸಂಜೆಯ ಅಲಂಕಾರಕ್ಕೆ ಮದುಮಗಳನ್ನು ಕೂರಿಸಿ ಒಂದು ಕಣ್ಣು ಮುಗಿಸಿದ್ದೆ. ಅವಳ ತಾಯಿ ಬಂದು, "ಐದು ಗಂಟೆ ಆಯ್ತಮ್ಮ, ಬೇಗ ಆಗ್ಲಿ" ಎಂದರು.

ಐದು.

ಕೈಯಲ್ಲಿದ್ದ ಬ್ರಷ್ ಬಿತ್ತು. ಫೋನ್ ಕಿತ್ತುಕೊಂಡು ಮಾಡಿದೆ. ರಿಂಗಾಯಿತು, ಎತ್ತಲಿಲ್ಲ. ಮತ್ತೆ ಮಾಡಿದೆ. ಮತ್ತೆ. ಆಟೋದವರ ನಂಬರು ಹಳೆಯ ನೋಟ್‌ಬುಕ್ಕಿನಲ್ಲಿತ್ತು, ಹಳೆಯ ನೋಟ್‌ಬುಕ್ಕು ಜನ್ನಾಪುರದಲ್ಲಿತ್ತು, ಮನೆಗೆ ಬೀಗ, ಗಂಡ ಶಿಫ್ಟಿನಲ್ಲಿ. ಹೋಟೆಲು ಆಟೋದಲ್ಲಿ ಹತ್ತು ನಿಮಿಷದ ದಾರಿ. ರೂಮ್ ನಂಬರು ನನಗೆ ನೆನಪಿತ್ತು. ಮದುಮಗಳು ಒಂದೇ ಕಣ್ಣಿನ ಅಲಂಕಾರದಲ್ಲಿ ಕನ್ನಡಿಯಿಂದ ನನ್ನನ್ನು ನೋಡುತ್ತಿದ್ದಳು. ನಾನು ಹೋಗಬಹುದಿತ್ತು. ಹೋಗಲಿಲ್ಲ. ಬ್ರಷ್ ಎತ್ತಿಕೊಂಡು ಇನ್ನೊಂದು ಕಣ್ಣು ಮಾಡಿದೆ. ಗೆರೆ ಒಂದಿಷ್ಟೂ ಸೊಟ್ಟಾಗಲಿಲ್ಲ, ಅದಕ್ಕೆ ಅಕ್ಕನೇ ಕಾರಣ. ಅಷ್ಟು ಚೆನ್ನಾಗಿ ತಯಾರು ಮಾಡಿದ್ದರು.

ಆರಕ್ಕೆ ಹತ್ತು ನಿಮಿಷ ಇರುವಾಗ ಫೋನ್ ಬಂತು. ಹಿಂದೆ ಬಸ್ಸಿನ ಹಾರ್ನು. "ಬಸ್ ಹತ್ತಿದೀನಿ" ಎಂದರು ಅಕ್ಕ, ದನಿ ಸ್ವಲ್ಪ ಒಡೆದಿತ್ತು. ಆಮೇಲೆ ಕೇಳಿದರು, "ನಿನ್ನ ಮದುಮಗಳು ಹೇಗ್ ಕಾಣ್ತಿದಾಳೆ?"

ಚೆನ್ನಾಗಿ ಕಾಣ್ತಿದಾಳೆ ಅಕ್ಕ, ಎಂದೆ.

ಮುಂದಿನ ಮಂಗಳವಾರ ಅವರು ಬಂದರು. ಆ ಸೆಕೆಯಲ್ಲಿ ಮೊಣಕೈ ದಾಟಿದ ತೋಳಿನ ಬ್ಲೌಸು. ನಾನು ಅವರ ಕಾಲು ಹಿಡಿದುಕೊಂಡು ಅತ್ತುಬಿಟ್ಟೆ. ಅವರು ನನ್ನನ್ನು ಎಬ್ಬಿಸಿ, ತಾವೇ ನನ್ನ ಕಣ್ಣು ಒರೆಸಿ, "ನಿನ್ನ ಕೆಲ್ಸದ ದಿನ ನನ್ನ ಕೆಲ್ಸಾನ ನಿನ್ ಕೈಲಿ ಇಟ್ನಲ್ಲ, ಅದು ನನ್ನ ತಯಾರಿಲೇ ಆದ ತಪ್ಪು" ಎಂದರು. ಬೈದಿದ್ದರೆ ಚೆನ್ನಾಗಿತ್ತು. ಹುಬ್ಬು ಮುಗಿಸಿ ನಾನು ಹಳೆಯ ನೋಟ್‌ಬುಕ್ಕಿನ ಕೊನೆಯ ಹಾಳೆ ತೆಗೆದು ಪೆನ್ನು ಹಿಡಿದು ನಿಂತೆ. "ಬರ್ಯೋದೇನಿಲ್ಲ ಮಾರಾಯ್ತಿ" ಎಂದು ಟಿಫನ್ ಬ್ಯಾಗ್ ಎತ್ತಿಕೊಂಡರು. ಆಮೇಲೆ ಇನ್ನೂ ನಾಲ್ಕು ಮಂಗಳವಾರ ಬಂದರು, ನಕ್ಕರು, ಅಡಿಕೆ ರೇಟು ಹೇಳಿದರು. ಕೊನೆಯ ಹಾಳೆಗೆ ಹೊಸದಾಗಿ ಒಂದು ಸಾಲೂ ಸೇರಲಿಲ್ಲ. ಐದನೆಯ ಮಂಗಳವಾರ ಬರಲಿಲ್ಲ. ಅವರ ಬೀದಿಗೆ ಹೋಗಿ ಕೇಳಿದರೆ ಮನೆ ಖಾಲಿ ಮಾಡಿದ್ದಾರೆ ಎಂದರು, ಶಂಕರಘಟ್ಟದಲ್ಲೇ ಕ್ವಾರ್ಟರ್ಸ್ ಸಿಕ್ಕಿತಂತೆ ಎಂದರು...

ಈಗ ನನಗೆ ಶಿವಮೊಗ್ಗದಲ್ಲಿ ಮೂರು ಕುರ್ಚಿಯ ಪಾರ್ಲರ್ ಇದೆ, ಕಲಿಯಲು ಆರು ಹುಡುಗಿಯರು ಬರುತ್ತಾರೆ. ಪ್ಲಗ್ಗು, ಕಿಟಕಿ, ಇಡ್ಲಿ, ಪಿನ್ನು, ಎಲ್ಲವನ್ನೂ ನಾನೇ ಕಂಡುಹಿಡಿದವಳ ಹಾಗೆ ಇಷ್ಟು ವರ್ಷ ಪಾಠ ಹೇಳಿದೆ. ನನ್ನ ದಿನಕ್ಕೆ ಅಕ್ಕ ಮೂರು ವಾರ ಕೊಟ್ಟಿದ್ದರು. ಅವರ ದಿನಕ್ಕೆ ನಾನು ಕೊಡಬೇಕಾಗಿದ್ದದ್ದು ಒಂದು ನಿಮಿಷ. ಹೋದ ವಾರ ಆ ಅಲರ್ಜಿಯ ಹೆಂಗಸು ಹೋದ ಮೇಲೆ ಹುಡುಗಿಯರನ್ನು ಕೂರಿಸಿಕೊಂಡು ಎಲ್ಲ ಹೇಳಿಬಿಟ್ಟೆ, ಅಕ್ಕ ಮಾಡುತ್ತಿದ್ದ ಕೆಲಸವನ್ನೂ ಸೇರಿಸಿ. ಒಬ್ಬಳು ತಲೆ ತಗ್ಗಿಸಿದಳು. ಇನ್ನೊಬ್ಬಳು, ಎಲ್ಲರಿಗಿಂತ ಚಿಕ್ಕವಳು, "ಆ ಅಕ್ಕ ಈಗ ಎಲ್ಲಿದಾರೆ ಮೇಡಂ?" ಎಂದು ಕೇಳಿದಳು.

ಒಂದು ಕಾಲದಲ್ಲಿ ಅದು ಈ ಲೋಕದಲ್ಲಿ ನನಗೊಬ್ಬಳಿಗೇ ಗೊತ್ತಿತ್ತು, ರೂಮ್ ನಂಬರಿನ ಸಮೇತ. ಗೊತ್ತಿಲ್ಲ ಕಣೆ, ಎಂದೆ.