ಟರ್ನರ್ ಅಣ್ಣನ ಹೆಬ್ಬೆರಳು

ಮೊನ್ನೆ ದಾಸರಹಳ್ಳಿಯಲ್ಲಿ ಮೆಟ್ರೋ ಹತ್ತಿದಾಗ ಪಕ್ಕದವರ ಕೈಯಿಂದ ನೋವಿನ ಮುಲಾಮಿನ ವಾಸನೆ ಬಂತು. ತಕ್ಷಣ ಟರ್ನರ್ ಅಣ್ಣ ನೆನಪಾದರು. ‘ತಕ್ಷಣ’ ಎಂಬುದು ಸುಳ್ಳಿರಬಹುದು. ಎರಡು ಸ್ಟೇಷನ್ ಕಳೆದಿತ್ತೇನೋ...

ಪೀಣ್ಯದ ಶೆಡ್ಡೊಂದರಲ್ಲಿ ಅವರು ಲೇತ್ ಯಂತ್ರದ ಮೇಲೆ ಕಬ್ಬಿಣ ಕಡೆಯುವ ಟರ್ನರ್ ಆಗಿದ್ದರು, ನಾನು ಪಕ್ಕದ ಮೇಜಿನಲ್ಲಿ ಅದರ ಅಳತೆ ನೋಡುತ್ತಿದ್ದೆ. ಅಣ್ಣ ಗದಗದ ಕಡೆಯವರು. ಬಲಗೈ ಹೆಬ್ಬೆರಳಿನ ಬುಡದ ಕೀಲು ಸವೆದಿತ್ತು, ಸದಾ ಅದೇ ಮುಲಾಮು ಹಚ್ಚಿರುತ್ತಿದ್ದರು. ನೀರಿನ ಬಾಟಲಿಯ ಮುಚ್ಚಳ ತೆಗೆಯಲೂ ನನ್ನನ್ನೇ ಕರೆಯುತ್ತಿದ್ದರು.

ಡಾಕ್ಟರು ಬೆರಳು ಅಲುಗದಂತೆ ಹಿಡಿಯುವ ಪಟ್ಟಿ ಕೊಟ್ಟು, ಕೆಲಸ ಮಾಡುವಾಗ ಹಾಕಿಕೊಳ್ಳಿ ಎಂದರು. ಅಣ್ಣ ಮಾಡಿದ್ದು ಉಲ್ಟಾ. ಮನೆಯಲ್ಲಿ ಟೀವಿ ಮುಂದೆ ಪಟ್ಟಿ, ಶೆಡ್ಡಿನಲ್ಲಿ ಬರಿಗೈ. ಕೇಳಿದ್ದಕ್ಕೆ ನನ್ನನ್ನೇ ಗದರಿದರು.

“ತಿರುಗೂ ಚಕ್ ಮುಂದ ಕೈಗೆ ದಾರಾನೂ ಇರಬಾರದು, ತಂಗಿ. ಬೆರಳು ಉಳಸಾಕ ಹೋಗಿ ಕೈ ಕಳ್ಕೊಳ್ಳೇನು?”

ಚಕ್ ಅಂದರೆ ಕಬ್ಬಿಣವನ್ನು ಕಚ್ಚಿ ಹಿಡಿದು ತಿರುಗುವ ಲೇತಿನ ಬಾಯಿ; ದಾರ ಸಿಕ್ಕರೆ ಕೈಸಮೇತ ಎಳೆದುಕೊಳ್ಳುತ್ತದೆ. ಲೇತ್ ಕಲಿಯುವವರಿಗೆ ಮೊದಲ ದಿನವೇ ಹೇಳುವ ಪಾಠ ಅದು. ಡಾಕ್ಟರಿಗೆ ಗೊತ್ತಿರಲಿಲ್ಲ; ಅಣ್ಣ ಹೇಳಲೂ ಇಲ್ಲ. ನೋವು ಹೆಚ್ಚಿತು. ಇಂಜೆಕ್ಷನ್ ಆಯಿತು, ಕೆಲವು ವಾರ ಹಗುರ, ಆಮೇಲೆ ಮತ್ತೆ ಅದೇ. ಆಪರೇಷನ್ ಅಂದರೆ ತಿಂಗಳುಗಟ್ಟಲೆ ಕೈ ಕಟ್ಟಿಸಿಕೊಂಡು ಕೂರಬೇಕು. ಬೇಡವೆಂದರು.

ಒಂದು ದಿನ ಮಾಲೀಕರು ಬಂದು, “ವಯಸ್ಸಾಯ್ತು ಕಣ್ರೀ, ಲೇತ್ ಬಿಡಿ. ಗೇಟ್ ರಿಜಿಸ್ಟರ್ ನೋಡ್ಕೊಳ್ಳಿ” ಎಂದರು.

“ಹೆಬ್ಬೆಟ್ಟಿಗೆ ವಯಸ್ಸಾಗೇತ್ರಿ ಸಾಹೇಬ್ರ, ನನಗಲ್ಲ. ಒಂದ್ ವಾರ ಕೊಡ್ರಿ.”

ಅಣ್ಣ ಪಟ್ಟಿಯನ್ನು ಮಾಲೀಕರ ಮುಖಕ್ಕೆ ಎಸೆದರೆಂದು ಶೆಡ್ಡಿನವರು ಇಂದಿಗೂ ಹೇಳುತ್ತಾರೆ. ನಾನಲ್ಲೇ ಇದ್ದೆ, ಎಸೆಯಲಿಲ್ಲ. ಮರುದಿನ ಆಸ್ಪತ್ರೆಗೆ ಹೋಗಿ, ಲೇತಿನ ಮುಂದೆ ಪಟ್ಟಿ ಹಾಕುವಂತಿಲ್ಲವೆಂಬ ನಿಜವನ್ನು ಮೊದಲ ಸಲ ಹೇಳಿದರು. ಅಲ್ಲಿ ಕೈ ವ್ಯಾಯಾಮ ಹೇಳಿಕೊಡುವಾಕೆ, ತೆಳ್ಳಗಿರುವುದನ್ನು ಚಿವುಟಿ ಹಿಡಿಯಬೇಡಿ, ದಪ್ಪಗಿರುವುದನ್ನು ಅಂಗೈ ತುಂಬ ಹಿಡಿಯಿರಿ ಎಂದಳಂತೆ. ಬಂದವರೇ ನೈಲಾನ್ ದಿಂಡು ಕಡೆದು, ತಮ್ಮ ಲೇತಿನ ಸಣ್ಣ ಹಿಡಿಗಳನ್ನೆಲ್ಲ ತೆಗೆದು ಬದನೆಕಾಯಿ ದಪ್ಪದ ಹಿಡಿಕೆ ಕೂರಿಸಿದರು.

“ಏನಣ್ಣ, ತರಕಾರಿ ಅಂಗಡಿ ಇಟ್ಬಿಟ್ರಾ?” ಎಂದ ಪಕ್ಕದ ಲೇತಿನವನು.

ವಾರದ ಕೊನೆಗೆ ಮಾಲೀಕರ ಎದುರೇ ಅವರ ತುಂಡುಗಳನ್ನು ಅಳೆದೆ. ಒಂದೂ ತಪ್ಪಿರಲಿಲ್ಲ... ಇಲ್ಲ, ಒಂದು ಕೂದಲೆಳೆಯಷ್ಟು ತಪ್ಪಿತ್ತು. ಅಷ್ಟು ಎಲ್ಲರದೂ ತಪ್ಪುತ್ತಿತ್ತು. ಲೇತ್ ಅವರಿಗೇ ಉಳಿಯಿತು.

ನೋವು ಹೋಯಿತೆಂದು ಬರೆದರೆ ಚೆಂದ. ಹೋಗಲಿಲ್ಲ. ಅದನ್ನು ಇಟ್ಟುಕೊಂಡೇ ಇನ್ನೂ ನಾಲ್ಕು ವರ್ಷ ದುಡಿದರು.

ಅಣ್ಣ ಈಗಿಲ್ಲ. ಸುದ್ದಿ ಬಂದ ದಿನ ಶೆಡ್ಡಿನ ಹಳಬರ ವಾಟ್ಸಾಪ್ ಗುಂಪಿನಲ್ಲಿ ಯಾರೋ, “ಕೊನೆಗೂ ಆ ಕೈಗೆ ವಿಶ್ರಾಂತಿ ಸಿಕ್ತು” ಎಂದು ಬರೆದರು. ಕೈಮುಗಿದ ಚಿತ್ರಗಳು ಸಾಲಾಗಿ ಬಂದವು. ಅತ್ತು ಮುಗಿಸಿ ನಾನೂ ಬರೆದೆ: “ವಿಶ್ರಾಂತಿ ಅವರು ಕೇಳಿರಲಿಲ್ಲ.”

ಅದನ್ನೇ ಇಲ್ಲಿ ಮತ್ತೊಮ್ಮೆ ಬರೆಯುತ್ತಿದ್ದೇನೆ.