ದೆವ್ವದ ಪಿಕ್ಚರ್ ನೋಡುವ ಹೆಂಗಸು

ನಾನು ದೆವ್ವದ ಪಿಕ್ಚರ್ ನೋಡುತ್ತೇನೆ. ಹಳೆಯವನ್ನು. ಕಪ್ಪು ಬಿಳುಪಿನವು ಸಿಕ್ಕರೆ ಇನ್ನೂ ಖುಷಿ. ಯಾರಾದರೂ ಕೇಳಿದಾಗ ನಾಚಿಕೊಂಡು, ಅದು ಸುಮ್ಮನೆ ಹೊತ್ತು ಹೋಗಲಿಕ್ಕೆ ಎಂದು ಹೇಳುವ ಕಾಲ ಒಂದಿತ್ತು. ಈಗ ಹೇಳುವುದಿಲ್ಲ. ಹೊತ್ತು ಹೋಗಲಿಕ್ಕೆ ನನಗೆ ಬೇಕಾದಷ್ಟು ಕೆಲಸವಿದೆ. ಅಂಕೋಲೆ ಪೇಟೆಯಲ್ಲಿ ಇಪ್ಪತ್ತೇಳು ವರ್ಷದಿಂದ ರವಿಕೆ ಹೊಲಿಯುತ್ತಿದ್ದೇನೆ. ಮದುವೆಯಾಗಿಲ್ಲ. ಭಾವಿಕೇರಿಯಲ್ಲಿ ಅಣ್ಣನ ಮನೆಯ ಪಕ್ಕ, ಒಂದೇ ಅಂಗಳಕ್ಕೆ ಬಾಗಿಲಿರುವ ಎರಡು ಕೋಣೆಯ ಮನೆಯಲ್ಲಿ ಒಬ್ಬಳೇ ಇದ್ದೇನೆ. ಒಬ್ಬಳೇ ಇರುವ ಹೆಂಗಸು ಭಜನೆಗೆ ಹೋದರೆ ಊರಿಗೆ ಸಮಾಧಾನ. ಧಾರಾವಾಹಿ ನೋಡಿ ಅತ್ತರೂ ಸಮಾಧಾನವೇ. ಭಾನುವಾರ ಮಧ್ಯಾಹ್ನ ಕಿಟಕಿಗೆ ಹಳೆ ಚಾದರ ಕಟ್ಟಿಕೊಂಡು, ಗೋರಿಯಿಂದ ಏಳುವ ಹೆಣವನ್ನು ನೋಡುತ್ತ ಕೂತರೆ ಮಾತ್ರ ಅವಳಿಗೆ ಏನೋ ಆಗಿದೆ ಅನ್ನುತ್ತಾರೆ.

ನನಗೆ ಏನೂ ಆಗಿಲ್ಲ. ಶುರುವಾದದ್ದು ಅಪ್ಪನಿಂದ.

ನಾಲ್ಕನೆಯ ಇಯತ್ತೆ ಮುಗಿದ ರಜೆಯಲ್ಲಿ ಅಪ್ಪ ಗದ್ದೆಯ ಕಾಗದಪತ್ರದ ಕೆಲಸಕ್ಕೆ ಕಾರವಾರದ ಕಚೇರಿಗೆ ಹೊರಟಾಗ ನನ್ನನ್ನೂ ಕರೆದುಕೊಂಡು ಹೋಗಿದ್ದ. ಊಟಕ್ಕೆ ಹೋದ ಸಾಹೇಬರು ಬರುವುದು ನಾಲ್ಕು ಗಂಟೆಗೆ ಎಂದು ಹೇಳಿದರು. ಹೊರಗೆ ನಿಲ್ಲಲಾಗದ ಸೆಕೆ. ಮೂರು ತಾಸು ಫ್ಯಾನಿನ ಕೆಳಗೆ ಕೂತಿರಬಹುದು ಎಂಬ ಒಂದೇ ಕಾರಣಕ್ಕೆ ಅಪ್ಪ ಥಿಯೇಟರಿಗೆ ನುಗ್ಗಿದ. ಯಾವ ಪಿಕ್ಚರ್ ಎಂದು ನೋಡಿರಲಿಲ್ಲ. ನನ್ನ ಅಪ್ಪ ದೊಡ್ಡ ಆಳು. ಕೊಟ್ಟಿಗೆಗೆ ಬಂದ ನಾಗರಹಾವನ್ನು ಕೋಲಿನ ತುದಿಯಲ್ಲಿ ಎತ್ತಿ ಹೊಳೆಯಾಚೆ ಬಿಟ್ಟು ಬರುತ್ತಿದ್ದ. ಆದರೆ ಪರದೆಯ ಮೇಲೆ ಹಳೆ ಬಂಗಲೆಯ ಬಾಗಿಲು ತನ್ನಷ್ಟಕ್ಕೆ ತೆರೆದು, ಗೋಡೆಯ ಪಟದೊಳಗಿನ ಮುದುಕನ ಕಣ್ಣು ಹೊರಳಿದ್ದೇ, ಹೆಗಲ ಪಂಚೆಯನ್ನು ಮುಖಕ್ಕೆ ಹಾಕಿಕೊಂಡುಬಿಟ್ಟ.

ಸ್ವಲ್ಪ ಹೊತ್ತಿನ ಮೇಲೆ ಪಂಚೆಯ ಒಳಗಿಂದ ಕೇಳಿದ, "ಹೋತನೆ?"

"ಇಲ್ಲ ಅಪ್ಪ, ಮೆಟ್ಟಲ ಮೇಲೆ ಅದೆ."

"ಈಗ?"

"ಈಗ ಹಾಡು ಬಂತು. ತೆಗಿ."

ಹೀಗೆ ಇಡೀ ಪಿಕ್ಚರನ್ನು ಅವನಿಗೂ ಸೇರಿಸಿ ನಾನೇ ನೋಡಿದೆ. ನನಗೆ ಹೆದರಿಕೆ ಆಗಲಿಲ್ಲ ಎಂದಲ್ಲ. ಆದರೆ ಅಪ್ಪನಿಗೆ ಹೇಳಬೇಕಲ್ಲ, ಕಣ್ಣು ಮುಚ್ಚುವ ಹಾಗಿರಲಿಲ್ಲ. ಮುಚ್ಚದೇ ನೋಡುತ್ತಿದ್ದರೆ ಹೆದರಿಕೆ ಒಂದು ಕಡೆ ಮುಗಿಯುತ್ತದೆ ಎಂದು ಅವತ್ತು ಗೊತ್ತಾಯಿತು. ಮನೆಗೆ ಬಂದು ಅಪ್ಪ ಆಯಿಗೆ, ಇವಳ ಎದೆ ಗಟ್ಟಿ ಎಂದು ಹೇಳಿದ. ಆಯಿ ನಮ್ಮಿಬ್ಬರಿಗೂ ಮೆಣಸು ಉಪ್ಪು ನಿವಾಳಿಸಿ ಒಲೆಗೆ ಹಾಕಿದಳು.

ಹೊಲಿಗೆ ಕಲಿತ ಮೇಲೆ ಈ ಪಿಕ್ಚರುಗಳು ನನಗೆ ಬೇರೆಯೇ ರೀತಿ ಕಾಣತೊಡಗಿದವು. ಬಿಳಿ ಸೀರೆಯ ದೆವ್ವ ಮೆಟ್ಟಿಲು ಇಳಿಯುವಾಗ ಸೀರೆಯ ಅಂಚಿಗೆ ಫಾಲ್ ಹೊಲಿದದ್ದು ಕಾಣುತ್ತಿತ್ತು. ಪರದೇಶದ ಪಿಕ್ಚರಿನಲ್ಲಿ ರಕ್ತ ಕುಡಿಯುವ ದೊರೆಯ ಕರಿ ನಿಲುವಂಗಿಯ ಕಾಲರು ಅಷ್ಟು ಸೆಟೆದು ನಿಲ್ಲಬೇಕಾದರೆ ಒಳಗೆ ಎರಡು ಪದರ ಕ್ಯಾನ್ವಾಸ್ ಇರಲೇಬೇಕು. ಅದನ್ನೇ ನೋಡಿಕೊಂಡು ಶಾಲೆಯ ನಾಟಕದ ರಾಜನಿಗೆ ಒಂದು ಅಂಗಿ ಹೊಲಿದುಕೊಟ್ಟಿದ್ದೆ. ರಾಕ್ಷಸನ ರಬ್ಬರಿನ ಕೈಗವಸು ಮುಗಿದು ತೋಳು ಶುರುವಾಗುವ ಜಾಗವನ್ನು ಹುಡುಕುವುದು ನನ್ನ ಚಟ. ಹುಡುಕಿ ನಗುವುದಕ್ಕಲ್ಲ. ಎಲ್ಲೋ ಯಾರೋ ಒಬ್ಬ ದರ್ಜಿ ನನ್ನ ಹಾಗೇ ಬಗ್ಗಿ ಕೂತು, ನೋಡುವವರ ಮೈ ಜುಂ ಅನ್ನಲಿ ಎಂದು ಆ ಹೊಲಿಗೆ ಹಾಕಿದ್ದಾನೆ ಎಂದು ಪ್ರೀತಿ ಬರುತ್ತದೆ. ಈಗಿನ ಪಿಕ್ಚರುಗಳಲ್ಲಿ ಅದಿಲ್ಲ. ಕಿವಿಯ ಹಿಂದೆ ಕಾಗದದ ಪೊಟ್ಟಣ ಒಡೆದ ಹಾಗೆ ಒಂದು ಸದ್ದು ಮಾಡಿ ಬೆಚ್ಚಿಬೀಳಿಸುತ್ತಾರೆ. ಬೆಚ್ಚುವುದು ಬೇರೆ, ಹೆದರುವುದು ಬೇರೆ.

ಕಾರವಾರದಲ್ಲಿ ಬಾಡಿಗೆಗೆ ಸಿ.ಡಿ. ಕೊಡುವ ಅಂಗಡಿಯೊಂದು ಮುಚ್ಚುವಾಗ ಅಲ್ಲಿಯ ಮಾಲಕ ಯಾರೂ ಒಯ್ಯದ ದೆವ್ವದ ಪಿಕ್ಚರುಗಳನ್ನೆಲ್ಲ ಚೀಲದಲ್ಲಿ ತುಂಬಿ ನನಗೇ ಕೊಟ್ಟಿದ್ದ. ಅವನ್ನು ಒರೆಸಿ, ಬಿಸ್ಕಿಟ್ ಡಬ್ಬಿಗಳಲ್ಲಿ ಜೋಡಿಸಿ, ಒಂದೊಂದಕ್ಕೂ ಬಟ್ಟೆಯ ಚೀಲ ಹೊಲಿದಿದ್ದೆ.

ಅಣ್ಣನ ಮಗಳು ಹನ್ನೊಂದು ವರ್ಷದವಳಿದ್ದಾಗ ಬಂದು ನನ್ನ ಪಕ್ಕ ಕೂತಳು. ಅವಳದೂ ನನ್ನದೇ ಬುದ್ಧಿ. ಬಾವಲಿಯ ದಾರ ಎಲ್ಲಿ ಕಾಣುತ್ತದೆ, ಹೊಗೆ ಯಾವ ಕಡೆಯಿಂದ ಬಿಡುತ್ತಾರೆ ಎಂದು ಕೇಳುವವಳು. ಅತ್ತಿಗೆಗೆ ಮನಸ್ಸಿಲ್ಲದಿದ್ದರೂ ಭಾನುವಾರ ಎರಡು ತಾಸು ಅವಳ ಕಾಟ ತಪ್ಪುತ್ತದೆ ಎಂದು ಸುಮ್ಮನಿದ್ದಳು.

ಅವಳಿಗೆ ಹದಿನಾಲ್ಕು ತುಂಬಿದ ಮಳೆಗಾಲದ ಒಂದು ಭಾನುವಾರ ಮಧ್ಯಾಹ್ನ ಅದು ಆಯಿತು. ಪಿಕ್ಚರಿನಲ್ಲಿ ಗುಡುಗು ಮಿಂಚು. ಬಾಗಿಲಲ್ಲಿ ಯಾರೋ ನಿಂತದ್ದು ಮಿಂಚಿನ ಬೆಳಕಿಗೆ ಕಾಣುತ್ತಿತ್ತು, ಮರೆಯಾಗುತ್ತಿತ್ತು. ಪಕ್ಕದಲ್ಲಿ ಹುಡುಗಿ ಒಂದು ಬಗೆಯ ಸದ್ದು ಮಾಡಿದಳು. ತಿರುಗಿ ನೋಡಿದರೆ ಕಣ್ಣು ಮೇಲೆ ಹೋಗಿತ್ತು, ಕೈಕಾಲು ಸೆಟೆದು ಎಳೆಯುತ್ತಿದ್ದವು, ಬಾಯಲ್ಲಿ ನೊರೆ. ನನಗೆ ಏನು ಮಾಡಬೇಕೆಂದು ತಿಳಿಯಲಿಲ್ಲ. ತಲೆ ನೆಲಕ್ಕೆ ಬಡಿಯದ ಹಾಗೆ ತೊಡೆಯ ಮೇಲೆ ಹಿಡಿದುಕೊಂಡು ಅಣ್ಣನನ್ನು ಕೂಗಿದೆ. ಅತ್ತಿಗೆ ಓಡಿಬಂದು ಕೀಲಿಗೊಂಚಲನ್ನು ಅವಳ ಮುಷ್ಟಿಗೆ ತುರುಕಿದಳು. ನಿಮಿಷಗಳಲ್ಲಿ ಎಲ್ಲ ನಿಂತು ಹುಡುಗಿ ನಿದ್ದೆಹೋದಳು. ಟಿ.ವಿ.ಯಲ್ಲಿ ಪಿಕ್ಚರ್ ಓಡುತ್ತಲೇ ಇತ್ತು. ಅತ್ತಿಗೆ ಅದನ್ನೊಮ್ಮೆ ನೋಡಿದಳು, ನನ್ನನ್ನೊಮ್ಮೆ ನೋಡಿದಳು.

ಮರುವಾರದ ಮಾತು. ತೋಡೂರು ಕಡೆಯ ತವರಿನಿಂದ ಅವಳ ಅಣ್ಣ ಒಬ್ಬ ನೋಟ ಹೇಳುವವನ ಸುದ್ದಿ ತಂದಿದ್ದ. ಮೈಮೇಲೆ ಬಂದು ಯಾರಿಗೆ ಏನು ಹಿಡಿದಿದೆ ಎಂದು ಹೇಳುವವನು. ನನಗೆ ಹೇಳದೆ ಹುಡುಗಿಯನ್ನು ಅಲ್ಲಿಗೆ ಒಯ್ದರು. ಅತ್ತೆಯ ಮನೆಯಲ್ಲಿ ಕೂಡಿಟ್ಟ ದೆವ್ವಗಳಲ್ಲಿ ಒಂದು ಹುಡುಗಿಗೆ ತಾಗಿದೆ, ಮೊದಲು ಅವನ್ನು ಸುಡಬೇಕು ಎಂದನಂತೆ. ನಾನು ಅಂಗಡಿಯಿಂದ ಮನೆಗೆ ಬಂದಾಗ ಅಂಗಳದ ಮೂಲೆಯಲ್ಲಿ ಪ್ಲಾಸ್ಟಿಕ್ಕಿನ ಕರಿ ಮುದ್ದೆಯೊಂದು ಇನ್ನೂ ಹೊಗೆಯಾಡುತ್ತಿತ್ತು. ಖಾಲಿ ಬಿಸ್ಕಿಟ್ ಡಬ್ಬಿಗಳನ್ನು ತೊಳೆದು ನನ್ನ ಜಗುಲಿಯ ಮೇಲೆ ಕವುಚಿ ಇಟ್ಟಿದ್ದರು. ಆ ತೊಳೆದದ್ದಕ್ಕೇ ನನಗೆ ಹೆಚ್ಚು ಸಿಟ್ಟು ಬಂತು. ಅಣ್ಣ ನನ್ನ ಮುಖ ನೋಡದೆ, ಹುಡುಗಿ ಸಲುವಾಗಿ ಸುಮ್ಮನಿರು ತಂಗಿ ಎಂದ. ಹುಡುಗಿ ಸಲುವಾಗಿ ಸುಮ್ಮನಿದ್ದೆ.

ಎರಡು ವಾರದಲ್ಲಿ ಅವಳಿಗೆ ಮತ್ತೆ ಬಂತು, ಈ ಸಲ ಶಾಲೆಯಲ್ಲಿ, ಪ್ರಾರ್ಥನೆಗೆ ನಿಂತಾಗ. ದವಾಖಾನೆಗೆ ಒಯ್ಯಿರಿ ಎಂದು ನಾನು ಹೇಳಿದೆ. ಅತ್ತಿಗೆ, ನೀನು ತಂದು ಹಾಕಿದ್ದನ್ನು ದವಾಖಾನೆಯವರು ತೆಗೆಯುತ್ತಾರೆಯೇ ಎಂದಳು. ನೋಟದವನು ಈ ಸಲ ಅತ್ತೆಯನ್ನೂ ಕರೆತರಲು ಹೇಳಿದ್ದನಂತೆ. ಹೋದೆ.

ಹಗಲು ಹನ್ನೊಂದು ಗಂಟೆ. ಒಂದು ಚಪ್ಪರ, ನಾಲ್ವತ್ತು ಜನ. ನನ್ನನ್ನೂ ಹುಡುಗಿಯನ್ನೂ ಮುಂದೆ, ಅಣ್ಣ ಅತ್ತಿಗೆಯರನ್ನು ಹಿಂದೆ ಕೂರಿಸಿದರು. ಅವನು ಕೆಂಪು ಮಡಿ ಉಟ್ಟು ಬಂದು ಕೂತ. ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಆ ಬಟ್ಟೆಯ ಅಂಚಿನ ಜರಿ. ನನ್ನ ಬಳಿ ಬಂದಿದ್ದರೆ ಇದಕ್ಕಿಂತ ಚೆನ್ನಾಗಿ ಕೂರಿಸಿಕೊಡುತ್ತಿದ್ದೆ. ಆಮೇಲೆ ಕಂಡದ್ದು ಅವನ ಕಾಲು. ಎಡಗಾಲಿನ ಹೆಬ್ಬೆರಳು ಎರಡು ಸಲ ನೆಲ ಮುಟ್ಟಿದ ಕೂಡಲೇ ಹಿಂದೆ ನಿಂತವನು ಜಾಗಟೆ ಬಾರಿಸುತ್ತಿದ್ದ. ಜಾಗಟೆಗೆ ಸರಿಯಾಗಿ ಇನ್ನೊಬ್ಬ ಕೆಂಡಕ್ಕೆ ಧೂಪ ಎರಚುತ್ತಿದ್ದ. ಹೊಗೆ ಏಳುವಾಗ ಇವನ ದನಿ ದಪ್ಪವಾಗುತ್ತಿತ್ತು. ಸುತ್ತ ಎಲ್ಲರೂ ಕೈ ಮುಗಿದಿದ್ದರು. ನಾಲ್ವತ್ತು ವರ್ಷ ಇಂಥದನ್ನೇ ನೋಡಿಕೊಂಡು ಬಂದವಳು ನಾನು. ಇದಕ್ಕಿಂತ ಎಷ್ಟೋ ಚೆನ್ನಾಗಿ ಮಾಡಿದವರನ್ನು ನೋಡಿದ್ದೇನೆ.

ಯಾರು ನೀನು ಎಂದು ಹುಡುಗಿಯನ್ನು ಕೇಳಿದ. ಅವಳು ತನ್ನ ಹೆಸರು ಹೇಳಿದಳು. ಸುಳ್ಳು ಎಂದ. ಮತ್ತೆ ಕೇಳಿದ. ಮತ್ತೆ ಅದೇ ಹೆಸರು. ಆಗ ಅವಳ ಜಡೆಯನ್ನು ಕೈಗೆ ಸುತ್ತಿಕೊಂಡು ತಲೆ ಹಿಂದಕ್ಕೆ ಎಳೆದು, ಇನ್ನೊಂದು ಕೈಯಲ್ಲಿ ಬೆತ್ತ ಎತ್ತಿದ. ನಾನು ಎದ್ದು ಬೆತ್ತ ಹಿಡಿದುಕೊಂಡೆ.

"ಜಡೆ ಬಿಡು. ಅವಳು ಹೇಳಿದ್ದು ಅವಳದೇ ಹೆಸ್ರು."

ಅವನು ದಪ್ಪ ದನಿಯಲ್ಲಿ, ದೊಡ್ಡದು ಇವಳ ಮೈಯಲ್ಲೇ ಇದೆ, ಹಿಡಿಯಿರಿ ಎಂದ. ಇಬ್ಬರು ಗಂಡಸರು ಎದ್ದು ಬಂದರು. ಒಬ್ಬ ನನ್ನ ತೋಳು ಹಿಡಿದ. ಕೈ ತಣ್ಣಗಿತ್ತು. ಹೆದರಿದವನ ಕೈ. ನಾನು ಅವನ ಮುಖ ನೋಡಿ ನಿಧಾನವಾಗಿ ಹೇಳಿದೆ, "ನನ್ನ ಮೈಯಾಗೆ ಅದು ಇದ್ದದ್ದು ಹೌದಾದ್ರೆ, ಮುಟ್ದವಂಗೂ ಬತ್ತದೆ. ಬೇಕಾದ್ರೆ ಹಿಡ್ಕ."

ಅವನು ಕೈ ಬಿಟ್ಟ. ಇನ್ನೊಬ್ಬ ಅಲ್ಲೇ ನಿಂತ. ನಾನು ಹುಡುಗಿಯ ಕೈ ಹಿಡಿದುಕೊಂಡು ಜನರ ನಡುವೆ ನಡೆದೆ. ದಾರಿ ಬಿಡಿ ಎಂದು ಕೇಳಬೇಕಾಗಲಿಲ್ಲ. ಹೆಂಗಸರು ಸೆರಗು ತಾಗದ ಹಾಗೆ ಎಳೆದುಕೊಂಡು ಸರಿದರು. ಆ ಹೊತ್ತು ಒಳಗೊಳಗೇ ನನಗೆ ಖುಷಿಯಾಯಿತು. ಅದನ್ನು ಮುಚ್ಚಿಡುವುದಿಲ್ಲ. ಎಷ್ಟು ವರ್ಷ ದೆವ್ವಗಳು ನಡೆಯುವುದನ್ನು ನೋಡಿದ್ದೆ, ಅವತ್ತು ನಾನೇ ಹಾಗೆ ನಡೆದೆ.

ರಸ್ತೆಗೆ ಬಂದು ಕಾರವಾರದ ಬಸ್ಸಿಗೆ ಕೈ ಮಾಡಿದಾಗ ಅಣ್ಣ ಹಿಂದಿನಿಂದ ಓಡುತ್ತ ಬಂದ. ತಡೆಯಲಿಕ್ಕೆ ಎಂದುಕೊಂಡೆ. ಅವನು ನಮ್ಮ ಹಿಂದೆಯೇ ಬಸ್ಸು ಹತ್ತಿ, ಮೂವರ ಟಿಕೆಟ್ ತಾನೇ ತೆಗೆದು, ಎರಡು ಸೀಟು ಹಿಂದೆ ಕೂತ.

ಆಸ್ಪತ್ರೆಯ ಡಾಕ್ಟರಮ್ಮ ಎಲ್ಲ ಕೇಳಿಸಿಕೊಂಡು, ಮೊದಲ ಸಲ ಬಂದಾಗ ಹುಡುಗಿ ಏನು ಮಾಡುತ್ತಿದ್ದಳು ಎಂದು ವಿಚಾರಿಸಿದರು. ನೋಟದವನೆದುರು ನಡುಗದವಳು ಅಲ್ಲಿ ನಡುಗಿದೆ. ಕತ್ತಲೆ ಕೋಣೆ, ಟಿ.ವಿ., ಮಿಂಚು ಎಲ್ಲವನ್ನೂ ಹೇಳಿದೆ. ಅಣ್ಣ ನೆಲ ನೋಡುತ್ತಿದ್ದ. ಹುಬ್ಬಳ್ಳಿಗೆ ಹೋಗಿ ತಲೆಗೆ ತಂತಿ ಅಂಟಿಸಿ ಮಾಡುವ ಪರೀಕ್ಷೆ ಮಾಡಿಸಿಕೊಂಡು ಬನ್ನಿ ಎಂದರು. ಆ ಪರೀಕ್ಷೆಯ ಕಾಗದ ಅವರ ಕೈಗೆ ಬರುವವರೆಗಿನ ಹತ್ತು ದಿನ ನಾನು ಟಿ.ವಿ.ಯಲ್ಲಿ ಬರುವ ಪಿಕ್ಚರನ್ನೂ ನೋಡಲಿಲ್ಲ. ಯಾರೋ ಬೇಡ ಎಂದದ್ದಕ್ಕಲ್ಲ, ನನಗೇ ಆಗಲಿಲ್ಲ.

ಇದು ಮೂರ್ಛೆರೋಗ, ಪಿಕ್ಚರಿನಿಂದ ಬರುವಂಥದಲ್ಲ ಎಂದು ಡಾಕ್ಟರಮ್ಮ ಬಿಡಿಸಿ ಹೇಳಿದರು. ಮಿಣಮಿಣ ಬೆಳಕು ಕೆಲವರಿಗೆ ಆಗುವುದಿಲ್ಲ, ಇವಳ ಪರೀಕ್ಷೆಯಲ್ಲಿ ಹಾಗೇನೂ ಕಾಣಲಿಲ್ಲ. ಆದರೂ ದೀಪ ಹಾಕಿಕೊಂಡು ದೂರ ಕೂತು ನೋಡಿ, ನಿದ್ದೆ ಕೆಡಿಸಬೇಡಿ, ಒಂದು ದಿನವೂ ಗುಳಿಗೆ ತಪ್ಪಿಸಬೇಡಿ ಎಂದರು. ಹುಡುಗಿ ಅಲ್ಲೇ ಕೇಳಿದಳು, "ಹಂಗಾದ್ರೆ ನೋಡ್ಲಕ್ಕು ಅಲ್ವಾ?" ಡಾಕ್ಟರಮ್ಮ ನಕ್ಕರು. ಅಣ್ಣನೂ ನಕ್ಕ, ಎಷ್ಟೋ ದಿನಗಳ ಮೇಲೆ.

ಊರಲ್ಲಿ ಸುಲಭವಾಗಿ ಮುಗಿಯಲಿಲ್ಲ. ಅತ್ತಿಗೆ ಎಂಟು ತಿಂಗಳು ನನ್ನ ಜೊತೆ ಮಾತು ಬಿಟ್ಟಳು. ಕೆಲವರು ಹೊಲಿಯಲು ಕೊಟ್ಟ ರವಿಕೆ ಬಟ್ಟೆ ವಾಪಸ್ಸು ಒಯ್ದರು. ಕೊನೆಗೆ ಕೇರಿಯ ಹಿರಿಯರು ಕೂಡಿ ನನ್ನನ್ನು ಕರೆಸಿದರು. ನೋಟದವನಿಗೆ ಕಾಯಿ ಇಟ್ಟು ತಪ್ಪಾಯಿತು ಎನ್ನಬೇಕು, ಇನ್ನು ಮುಂದೆ ಅಂಥ ಪಿಕ್ಚರ್ ಮನೆಯಲ್ಲಿ ಹಾಕಬಾರದು ಎಂದರು. ನಾನು ನಿಂತೇ ಇದ್ದೆ, ಕೂರಲಿಲ್ಲ. ನಾನು ಹೇಳಿದ್ದು ಇಷ್ಟೇ:

"ನಾನು ನೋಡೂದು ಸುಳ್ಳು ದೆವ್ವ. ಮಾಡ್ದವರೂ ಸುಳ್ಳು ಅಂತಾರೆ, ನೋಡ್ದವಳೂ ಸುಳ್ಳು ಅಂತಾಳೆ. ಅದು ಯಾರ ಜಡೆನೂ ಎಳಿಲಿಲ್ಲ. ತಪ್ಪಾಯ್ತು ಅಂತ ನಾ ಹೇಳೂದಿಲ್ಲ. ಪಿಕ್ಚರೂ ಬಿಡೂದಿಲ್ಲ."

ಅವರಲ್ಲೊಬ್ಬರು, ಹೆಂಗಸಿಗೆ ಇಷ್ಟು ಹಟ ಒಳ್ಳೆಯದಲ್ಲ ಎಂದರು. ಇರಬಹುದು. ನನ್ನ ಹಟ ನನ್ನ ಹತ್ತಿರವೇ ಇದೆ, ಯಾರ ಮನೆಗೂ ಹಂಚಲಿಕ್ಕೆ ಹೋಗಿಲ್ಲ. ಆ ಭಾನುವಾರವೇ ಮೊಬೈಲನ್ನು ಟಿ.ವಿ.ಗೆ ಜೋಡಿಸುವುದನ್ನು ಹುಡುಗಿಯಿಂದ ಕಲಿತೆ. ಕಳೆದುಕೊಂಡ ಪಿಕ್ಚರುಗಳಲ್ಲಿ ಅರ್ಧದಷ್ಟು ಸಿಕ್ಕವು. ಕಿಟಕಿಯ ಚಾದರ ತೆಗೆದು ಹಾಕಿ, ಟ್ಯೂಬ್‌ಲೈಟ್ ಉರಿಸಿ, ಗೋಡೆಗೆ ಬೆನ್ನು ಕೊಟ್ಟು ಕೂತು ನೋಡಿದೆವು. ಬೆಳಕಿನಲ್ಲಿ ಮಜಾ ಕಡಿಮೆಯಿಲ್ಲ ಎಂದು ನಾನು ಸುಳ್ಳು ಹೇಳುವುದಿಲ್ಲ, ಕಡಿಮೆಯೇ. ಆದರೂ ಪಿಕ್ಚರಿನ ಮುದುಕಿ ಮಾಳಿಗೆಯ ಬಾಗಿಲು ತೆರೆಯುವ ಹೊತ್ತಿಗೆ ನಮ್ಮಿಬ್ಬರ ಕೈ ತಾವೇ ಒಂದನ್ನೊಂದು ಹಿಡಿದುಕೊಂಡಿದ್ದವು.

ಹುಡುಗಿಗೆ ಮತ್ತೆ ಎರಡು ಸಲ ಬಂತು. ಗುಳಿಗೆ ಬದಲಿಸಿದ ಮೇಲೆ ಮೂರು ವರ್ಷದಿಂದ ಬಂದಿಲ್ಲ. ಈಗ ಕಾರವಾರದಲ್ಲಿ ಕಾಲೇಜಿಗೆ ಹೋಗುತ್ತಾಳೆ. ಅತ್ತಿಗೆ ಮಾತಾಡುತ್ತಾಳೆ, ಆದರೆ ನನ್ನ ಮನೆಯಲ್ಲಿ ಇವತ್ತಿಗೂ ನೀರು ಕುಡಿಯುವುದಿಲ್ಲ. ಅವಳ ಮೇಲೆ ನನಗೆ ಸಿಟ್ಟಿಲ್ಲ. ಮಗಳು ಕಣ್ಣೆದುರೇ ಎಳೆದುಕೊಂಡು ಬಿದ್ದಾಗ ಯಾರದಾದರೂ ಕೈ ಹಿಡಿಯಲೇಬೇಕಾಗುತ್ತದೆ. ಅವಳು ಹಿಡಿದದ್ದು ನೋಟದವನ ಕೈಯನ್ನು.

ಹೋದ ತಿಂಗಳು ಅವರ್ಸಾದಿಂದ ಮೀನು ಮಾರುವ ಹೆಂಗಸೊಬ್ಬಳು ನನ್ನ ಅಂಗಡಿ ಹುಡುಕಿಕೊಂಡು ಬಂದಿದ್ದಳು. ಬುಟ್ಟಿ ಹೊರಗಿಟ್ಟು, ದೆವ್ವದ ಪಿಕ್ಚರ್ ನೋಡುವ ಟೇಲರಮ್ಮ ನೀವೇನಾ ಎಂದು ಕೇಳಿದಳು. ಹೌದು, ನಾನೇ ಎಂದೆ. ಅವಳ ಸೊಸೆಗೂ ಹಾಗೇ ಎಳೆದುಕೊಂಡು ಬರುತ್ತದಂತೆ. ಮನೆಯಲ್ಲಿ ನೋಟಕ್ಕೆ ಒಯ್ಯುವ ಮಾತು ನಡೆದಿದೆಯಂತೆ. ಡಾಕ್ಟರಮ್ಮ ಕೂರುವ ಕೋಣೆ ಎಲ್ಲಿದೆ, ಯಾವ ದಿನ ಸಿಗುತ್ತಾರೆ ಎಂದು ಬರೆದುಕೊಟ್ಟೆ. ಒಬ್ಬಳೇ ಹೋಗಲು ಧೈರ್ಯವಿಲ್ಲ ಎಂದಳು. ಬುಧವಾರ ಅಂಗಡಿಗೆ ಬೀಗ ಹಾಕಿ, ಆ ಅತ್ತೆ ಸೊಸೆಯರ ಜೊತೆ ಕಾರವಾರದ ಬಸ್ಸು ಹತ್ತಿದೆ.